ಮಗಳಿಗೊಂದು ಪತ್ರ: ಮೊದಲ ಸಾವಿರ ಕಿಲೋಮೀಟರ್

ಪುಟ್ಟಿ,

ಹೊಸ ಕಾರಿನ ಪೂಜೆ ಆಯಿತು, ಚಕ್ರದಡಿಯ ನಿಂಬೆಹಣ್ಣೂ ಅಪ್ಪಚ್ಚಿ ಆಯಿತು. ಇನ್ನು ಓಡೋಮೀಟರ್ 1,000 ತೋರಿಸುವ ತನಕ ಸ್ವಲ್ಪ ನನ್ನ ಮಾತು ಕೇಳು. "ಹೊಸ ಗಾಡಿ, ನಲವತ್ತು ದಾಟಿಸಲೇಬೇಡ" ಅಂತ ಮಾವ ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ. ಇಂಜಿನ್ನನ್ನು ಗೋಳಾಡಿಸಲೂ ಬಾರದು, ಮುದ್ದು ಮಾಡಿ ಕೆಡಿಸಲೂ ಬಾರದು.

ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವ ಸಿಲಿಂಡರಿನ ಒಳಗೋಡೆ ಕನ್ನಡಿಯ ಹಾಗಿರುವುದಿಲ್ಲ. ಫ್ಯಾಕ್ಟರಿಯಲ್ಲೇ ಅದರ ಮೇಲೆ ಒಂದನ್ನೊಂದು ಓರೆಯಾಗಿ ಕತ್ತರಿಸುವ ಸಣ್ಣ ಗೀರು ಹಾಕಿರುತ್ತಾರೆ, ಹೋನಿಂಗ್ ಅಂತಾರೆ. ಒರಳು ನುಣ್ಣಗಾದರೆ ಉಳಿಯಿಂದ ಗುಳಿ ಹೊಡೆಸುತ್ತಿದ್ದರಲ್ಲ, ಅದೇ ಲೆಕ್ಕ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಉಬ್ಬಿನ ತುದಿ, ಪಿಸ್ಟನ್ನಿಗೆ ಬಳೆಯ ಹಾಗೆ ತೊಡಿಸಿದ ರಿಂಗಿಗೆ ಉಜ್ಜಿ ಸವೆದು, ರಿಂಗೂ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ರಿಂಗನ್ನು ಗೋಡೆಗೆ ಬಿಗಿಯಾಗಿ ಒತ್ತುವುದು ಅದರ ಸ್ಪ್ರಿಂಗ್ ಗುಣ ಒಂದೇ ಅಲ್ಲ. ಉರಿದ ಗ್ಯಾಸ್ ರಿಂಗಿನ ಹಿಂದೆ ನುಗ್ಗಿ ತಳ್ಳಬೇಕು. ಆಕ್ಸಿಲರೇಟರ್ ಸವರಿದಂತೆ ಒತ್ತುತ್ತಾ ಓಡಿಸಿದರೆ ಆ ಒತ್ತಡ ಸಾಕಷ್ಟು ಹುಟ್ಟುವುದಿಲ್ಲ. ಗೋಡೆಯ ಮೇಲೆ ಉಳಿದ ಆಯಿಲ್ ಅಲ್ಲೇ ಸುಟ್ಟು ಹೊಳಪಿನ ಪದರವಾಗಿ ಗೀರುಗಳನ್ನು ಮುಚ್ಚುತ್ತದೆ. ಆಮೇಲೆ ರಿಂಗ್ ಎಷ್ಟು ಓಡಿದರೂ ಜಾರುತ್ತದೆಯೇ ಹೊರತು ಕೂರುವುದಿಲ್ಲ. ಆಯಿಲ್ ಕುಡಿಯುವುದು, ಸೈಲೆನ್ಸರಿನಲ್ಲಿ ನೀಲಿ ಹೊಗೆ, ಪಿಕಪ್ ಕಮ್ಮಿ, ಎಲ್ಲ ಅಲ್ಲಿಂದಲೇ ಶುರು. ಆಗ ಇಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸಬೇಕಾಗುತ್ತದೆ.

ನಿನ್ನದು 1.2 ಲೀಟರ್ ಪೆಟ್ರೋಲ್, ಐದು ಗೇರಿನ ಮ್ಯಾನ್ಯುವಲ್. ಮೊದಲ 500 ಕಿಲೋಮೀಟರಿಗೆ ಆರ್‌ಪಿಎಂ ಮುಳ್ಳು (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು) 2,000ದಿಂದ 3,500ರ ಒಳಗಿರಲಿ, ನಂತರದ 500ಕ್ಕೆ 4,000ದ ತನಕ ಹೋಗಬಹುದು. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಸುಮ್ಮನೆ ನಿಲ್ಲಿಸಬೇಡ. ತಣ್ಣನೆಯ ಇಂಜಿನ್ನಿನಲ್ಲಿ ಹೆಚ್ಚುವರಿ ಪೆಟ್ರೋಲ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಬೆಲ್ಟ್ ಹಾಕುವಷ್ಟು ಹೊತ್ತು ಸಾಕು, ಹೊರಡು. ಡ್ಯಾಶ್‌ಬೋರ್ಡಿನ ನೀಲಿ ದೀಪ ಆರುವ ತನಕ ಆರ್‌ಪಿಎಂ 2,500 ದಾಟಿಸಬೇಡ. ಆ ದೀಪ ಆರಿದರೆ ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಸುವ ದ್ರವ, ಬಿಸಿಯಾಯಿತು ಅಂತ ಮಾತ್ರ. ಆಯಿಲ್ ಬಿಸಿಯಾಗಲು ಇನ್ನೂ ಕೆಲವು ಕಿಲೋಮೀಟರ್ ಬೇಕು.

ನಿಜವಾದ ಕೆಲಸ ಆಮೇಲೆ. ನೆಲಮಂಗಲ ದಾಟಿದ ಮೇಲೆ, ಹಿಂದೆ ಯಾರೂ ಇಲ್ಲದ ಕಡೆ, ಮೂರನೇ ಗೇರಿನಲ್ಲಿ 40ಕ್ಕೆ ಬಾ. ಆಕ್ಸಿಲರೇಟರನ್ನು ಅರ್ಧಕ್ಕಿಂತ ತುಸು ಹೆಚ್ಚು ಒತ್ತಿ 65ಕ್ಕೆ ಏರಿಸು. ಈಗ ಕಾಲು ಪೂರ್ತಿ ತೆಗೆ, ಕ್ಲಚ್ ಮುಟ್ಟಬೇಡ. ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ನಿಧಾನಿಸುತ್ತದೆ. 40ಕ್ಕೆ ಇಳಿಯಲಿ, ಮತ್ತೆ ಏರಿಸು. ಎಂಟು–ಹತ್ತು ಸಲ ಸಾಕು. ಏರುವಾಗ ರಿಂಗ್ ಗೋಡೆಗೆ ಒತ್ತಿಕೊಳ್ಳುತ್ತದೆ, ಇಳಿಯುವಾಗ ಸಿಲಿಂಡರಿನೊಳಗಿನ ಎಳೆತಕ್ಕೆ ಆಯಿಲ್ ಮೇಲೆ ಬಂದು ಸವೆದ ಪುಡಿ ತೊಳೆಯುತ್ತದೆ.

ಹಾಸನದ ಹೈವೇ ಸಿಕ್ಕಿತು ಅಂತ ಕ್ರೂಸ್ ಕಂಟ್ರೋಲ್ ಹಾಕಿ ಹಾಡು ಕೇಳುತ್ತಾ ಕೂರಬೇಡ. ಒಂದೇ ವೇಗ, ಒಂದೇ ಭಾರ ಹೊಸ ಇಂಜಿನ್ನಿಗೆ ಆಗದು. 70–90ರ ನಡುವೆ ಹತ್ತಿಸಿ ಇಳಿಸುತ್ತಿರು. ಅದಕ್ಕಿಂತ ಕೆಟ್ಟದ್ದು ನಿನ್ನ ಅಭ್ಯಾಸ ಕಣೇ: ಹಂಪ್ ದಾಟಿ ನಾಲ್ಕನೇ ಗೇರಿನಲ್ಲೇ 25ರಿಂದ ಎಳೆಸುವುದು. ಸ್ಟೀರಿಂಗ್ ಗಡಗಡ ಅಂದರೆ ಇಂಜಿನ್ ಮೇಲೆ ಭಾರ ಪೂರ್ತಿ ಬಿದ್ದಿದೆ, ಆಯಿಲ್ ಪಂಪ್ ಮಾತ್ರ ನಿಧಾನ ತಿರುಗುತ್ತಿದೆ ಅಂತ ಅರ್ಥ. ಎರಡನೇ ಗೇರಿಗೆ ಬಾ, ನಾಚಿಕೆ ಏನಿಲ್ಲ. ಐದು ಜನ, ಲಗೇಜು ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಹತ್ತುವ ಧರ್ಮಸ್ಥಳದ ಪ್ಲಾನ್ ಸಾವಿರ ಆದ ಮೇಲೆ ಇಟ್ಟುಕೊಳ್ಳಿ. ಮಂಜುನಾಥ ಕಾಯುತ್ತಾನೆ.

ಬ್ರೇಕಿಗೂ ಹೊಂದಿಕೊಳ್ಳಲು ಸುಮಾರು 300 ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ಮುಂದಿನ ಗಾಡಿಯಿಂದ ದೂರವಿರು. ಹೊಸ ಟೈರಿನ ಮೇಲ್ಮೈ ಮಳೆಯಲ್ಲಿ ಸ್ವಲ್ಪ ಜಾರುತ್ತದೆ. ಮೊದಲ ದಿನ ಸೈಲೆನ್ಸರ್ ಕಡೆಯಿಂದ ಸುಟ್ಟ ವಾಸನೆ ಬಂದರೆ ಅದು ಲೇಪನ ಸುಡುವುದು, ಗಾಬರಿ ಬೇಡ. ಕೆಂಪು ಟೆಂಪರೇಚರ್ ದೀಪ ಬಂದರೆ ಮಾತ್ರ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡು. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡ.

ಶೋರೂಮಿನಲ್ಲಿ "ಇಂಜಿನ್ ಟ್ರೀಟ್‌ಮೆಂಟ್" ಬಾಟಲಿ ಮಾರಲು ಬಂದರೆ ಬೇಡ ಅನ್ನು. ಉಜ್ಜಿ ಕೂರಬೇಕಾದ ಹೊತ್ತಿನಲ್ಲಿ ಜಾರುವ ಮದ್ದು ಯಾಕೆ? ಸಾವಿರದ ಫ್ರೀ ಸರ್ವಿಸಿನಲ್ಲಿ ಸಾಮಾನ್ಯವಾಗಿ ಆಯಿಲ್ ಬದಲಿಸುವುದಿಲ್ಲ, ಬರೀ ನೋಡುತ್ತಾರೆ. ನನ್ನ ಕೇಳಿದರೆ ಕೈಯಿಂದ ದುಡ್ಡು ಕೊಟ್ಟಾದರೂ ಆಯಿಲ್, ಫಿಲ್ಟರ್ ಎರಡನ್ನೂ ಹಾಕಿಸು. ಮೊದಲ ಸವೆತದ ಲೋಹದ ಪುಡಿ ಅದರಲ್ಲೇ ಇರುತ್ತದೆ. ಪುಸ್ತಕದಲ್ಲಿ ಹೇಳಿದ ಗ್ರೇಡೇ ಇರಲಿ, ಬಿಲ್ ಎತ್ತಿಡು. ಕೆಲವು ಕಂಪನಿಗಳು ಮೊದಲ ಆಯಿಲನ್ನು ಅವಧಿಗೆ ಮುಂಚೆ ತೆಗೆಯಬೇಡಿ ಅಂತಲೇ ಬರೆದಿರುತ್ತಾರೆ. ಹಾಗಿದ್ದರೆ ನನ್ನ ಮಾತು ಬಿಡು.

ಆಯಿಲ್ ಎಷ್ಟಿದೆ ಅಂತ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ವಾರಕ್ಕೊಮ್ಮೆ ನೋಡು. ಸಮತಟ್ಟು ಜಾಗ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ. ಎಳೆ, ಹಳೇ ಕಾಟನ್ ಬಟ್ಟೆಯಲ್ಲಿ ಒರೆಸು, ಪೂರ್ತಿ ಒಳಗೆ ತಳ್ಳಿ ಮತ್ತೆ ಎಳೆ; ಮೊದಲ ಸಲ ಕಂಡದ್ದು ಲೆಕ್ಕಕ್ಕಿಲ್ಲ. ತುದಿಯ ಎರಡು ಗುರುತಿನ ನಡುವೆ ಆಯಿಲ್ ನಿಲ್ಲಬೇಕು. ಹೊಸದರಲ್ಲಿ ತುಸು ಇಳಿಯುವುದು ಸಹಜ. ಕೆಳಗಿನ ಗುರುತಿನ ಹತ್ತಿರ ಬಂದರೆ ಸರ್ವಿಸ್ ಸೆಂಟರಿಗೆ ಹೇಳು. ನೀನೇ ಸುರಿದು ಮೇಲಿನ ಗುರುತು ದಾಟಿಸಬೇಡ, ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲಿಗೆ ಬಡಿದು ನೊರೆ ಏಳುತ್ತದೆ.

ಶನಿವಾರ ಹೊರಡುವ ಮುಂಚೆ ಅದರ ಫೋಟೋ ತೆಗೆದು ಕಳಿಸು, ಒರೆಸಿ ಎರಡನೇ ಸಲ ಎಳೆದದ್ದರ.

ಅಮ್ಮ