ಐವತ್ತೊಂದು ಸೆಕೆಂಡು ಉಳಿದಿದ್ದಾಗ

ಬ್ರಾಂಪ್ಟನ್
ಮೇ 24, 2025

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಬರೆದರೆ ನೀನು ಹೆಬ್ಬೆರಳಿನಿಂದ ಸರಿಸಿಬಿಡುತ್ತೀಯ. ಅದಕ್ಕೇ ಈ ಕಾಗದ, ಅದೂ ಕನ್ನಡದಲ್ಲಿ. ಅಜ್ಜಿ ಕಲಿಸಿದ ಅಕ್ಷರಗಳು ನಿನಗೆ ಮರೆತಿಲ್ಲ, ಆದರೆ ಒತ್ತಕ್ಷರ ಬಂದಲ್ಲೆಲ್ಲ ತಡೆದು ತಡೆದು ಓದುತ್ತೀಯ. ಈ ಸಲ ನನಗೆ ಬೇಕಾಗಿರುವುದೂ ಅದೇ.

ಭಾನುವಾರ ರಾತ್ರಿ ನಮ್ಮ ಐಸ್ ಹಾಕಿ ತಂಡ ಸೋತ ಮೇಲೆ ಯಾರು ಏನು ಅಂದರು ಎಂಬುದನ್ನು ಮತ್ತೆ ಬರೆಯುವುದಿಲ್ಲ. ಮಂಗಳವಾರ ವಿಮಾನ ನಿಲ್ದಾಣದಲ್ಲಿ ನೀನು ಅಮ್ಮನನ್ನು ತಬ್ಬಿಕೊಂಡು ನನ್ನ ಕಡೆ ಬರೀ ಕೈ ಬೀಸಿದ್ದನ್ನೂ ಬರೆಯುವುದಿಲ್ಲ. ಒಂದು ಮಾತನ್ನು ಮಾತ್ರ ಬಿಡಲಾಗುತ್ತಿಲ್ಲ. ನೀನು ಮೆಟ್ಟಿಲ ಮೇಲೆ ನಿಂತು, "ಅಪ್ಪಾ, ಅವತ್ತು ನೀನು ನನ್ನನ್ನು ಎಬ್ಬಿಸಬಹುದಿತ್ತು" ಎಂದೆಯಲ್ಲ, ಆ ಮಾತು. ಅವತ್ತು ಎಂದರೆ ಯಾವತ್ತು ಎಂದು ಅಮ್ಮ ಕೇಳಿದಳು. ನಾನು ಕೇಳಲಿಲ್ಲ. ಹನ್ನೆರಡು ವರ್ಷದಿಂದ ಅದು ನನ್ನ ತಲೆಯಲ್ಲಿದೆ. ನಿನ್ನ ತಲೆಯಲ್ಲೂ ಇದೆ ಎಂಬುದಷ್ಟೇ ನನಗೆ ತಿಳಿದಿರಲಿಲ್ಲ.

2013ರ ಮೇ 13, ಸೋಮವಾರ. ನಾವು ಆಗ ಆ ನೆಲಮಾಳಿಗೆಯ ಬಾಡಿಗೆ ಮನೆಯಲ್ಲಿದ್ದೆವು. ನಿನಗೆ ಹನ್ನೊಂದು ವರ್ಷ. ನಮ್ಮ ಟೊರಾಂಟೊ ತಂಡ ಮೇಪಲ್ ಲೀಫ್ಸ್ 2004ರ ನಂತರ ಮೊದಲ ಸಲ ಪ್ಲೇಆಫ್‌ಗೆ, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತಿಗೆ, ಬಂದಿತ್ತು, ಎಂದರೆ ನಿನಗೆ ಬುದ್ಧಿ ತಿಳಿದ ಮೇಲೆ ಅದೇ ಮೊದಲು. ಬಾಸ್ಟನ್ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ 3-1ರಿಂದ ಹಿಂದೆ ಬಿದ್ದವರು ಎರಡು ಪಂದ್ಯ ಗೆದ್ದು ಏಳನೆಯದಕ್ಕೆ ಎಳೆದು ತಂದಿದ್ದರು. ನಿನ್ನ ಮೈಮೇಲೆ 43ನೇ ನಂಬರಿನ ಜೆರ್ಸಿ, ನಾಜೆಮ್ ಕದ್ರಿಯದು. ಅದನ್ನು ಆರಿಸಿದವನು ನಾನು. ಲೆಬನಾನ್ ಮೂಲದ ಮನೆಯ ಹುಡುಗ, ಅವನ ಹೆಸರೂ ನಮ್ಮ ಹೆಸರಿನ ಹಾಗೆ ಇಲ್ಲಿಯದಲ್ಲ, ಅಷ್ಟೇ ಕಾರಣ. ಆಟ ನನಗೆ ಆಗಿನ್ನೂ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಸೋಮವಾರಪೇಟೆಯಲ್ಲಿ ಬೆಳೆದವನಿಗೆ ಹಾಕಿ ಎಂದರೆ ಹುಲ್ಲು, ಕೆಮ್ಮಣ್ಣು, ಒದ್ದೆ ಬೂಟು. ಇಲ್ಲಿ ಬಂದ ಹೊಸತರಲ್ಲಿ ನಾನೂ ಶಾಲೆಯಲ್ಲಿ ಹಾಕಿ ಆಡುತ್ತಿದ್ದೆ ಎಂದರೆ, ಅದು ಹುಡುಗಿಯರ ಆಟವಲ್ಲವೇ ಎಂದು ಕೆಲಸದ ಕಡೆ ನಕ್ಕಿದ್ದರು. ಆಮೇಲೆ ನಾನು ಆ ಮಾತೇ ಎತ್ತಲಿಲ್ಲ. ಪಕ್, ಆ ರಬ್ಬರ್ ಬಿಲ್ಲೆ, ಎಲ್ಲಿ ಹೋಯಿತು ಎಂದು ನಿನ್ನನ್ನೇ ಕೇಳಿಕೊಂಡು ನೋಡುತ್ತಿದ್ದೆ.

ಕೊನೆಯದಾದ ಮೂರನೇ ಅವಧಿಯಲ್ಲಿ ನಿನ್ನ ಕದ್ರಿಯೇ ಗೋಲು ಹೊಡೆದು 4-1 ಮಾಡಿದ. ನೀನು ಸೋಫಾ ಹತ್ತಿ ಕುಣಿದೆ, ಮೇಲಿನ ಮನೆಯವರು ನೆಲ ಕುಟ್ಟಿದರು. ಗಂಟೆ ಒಂಬತ್ತು ಆಗಿತ್ತು. ನನಗೆ ಬೆಳಗಿನ ಐದಕ್ಕೆ ಪಾಳಿ, ನಿನಗೆ ಶಾಲೆ. "ಗೆದ್ದಾಯಿತು, ಹೋಗಿ ಮಲಗು" ಎಂದೆ. ಇನ್ನೂ ಹದಿನಾಲ್ಕು ನಿಮಿಷ ಇದೆ ಎಂದು ನೀನು ಹಟ ಹಿಡಿದೆ. "ನಾನು ಹೇಳುತ್ತಿದ್ದೇನಲ್ಲ, ಗೆದ್ದಾಯಿತು" ಎಂದೆ. ಅಪ್ಪ ಹೇಳಿದ ಮೇಲೆ ಮುಗಿಯಿತು ಎಂದು ನಂಬಿದ ವಯಸ್ಸು ಅದು. ಜೆರ್ಸಿಯನ್ನು ಬೆಳಿಗ್ಗೆ ಹಾಕಿಕೊಳ್ಳಲೆಂದು ಕುರ್ಚಿಯ ಬೆನ್ನಿಗೆ ಹರವಿ ಮಲಗಿದೆ.

ನಾನು ದನಿ ತಗ್ಗಿಸಿ ನೋಡುತ್ತಾ ಕುಳಿತೆ. ಬಾಸ್ಟನ್ ಒಂದು ಹೊಡೆಯಿತು, ಇರಲಿ ಎಂದುಕೊಂಡೆ. ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡು ಉಳಿದಿದ್ದಾಗ ಇನ್ನೊಂದು. ಐವತ್ತೊಂದು ಸೆಕೆಂಡು ಉಳಿದಿದ್ದಾಗ ಬರ್ಜೆರಾನ್ ಮತ್ತೊಂದು. ನಮ್ಮ ಗೋಲ್‌ಕೀಪರ್ ರೈಮರ್‌ಗೆ ಅದು ಕಣ್ಣಿಗೇ ಬಿದ್ದಂತಿರಲಿಲ್ಲ, ಮುಂದೆ ಅಷ್ಟು ಜನ ನಿಂತಿದ್ದರು. 4-4. ಹೆಚ್ಚುವರಿ ಅವಧಿಯ ಆರನೇ ನಿಮಿಷ ದಾಟುತ್ತಿದ್ದಂತೆ ಅದೇ ಬರ್ಜೆರಾನ್, ಮುಗಿಯಿತು.

ನಾನು ಟಿ.ವಿ. ಆರಿಸಿ ನಿನ್ನ ಕೋಣೆಯ ಬಾಗಿಲಿಗೆ ಬಂದು ನಿಂತೆ. ಎಬ್ಬಿಸಲೇ? ಅತ್ತರೆ? ಅತ್ತರೆ ಮೇಲಿನವರು ಮತ್ತೆ ಕುಟ್ಟುತ್ತಾರೆ. ಬೆಳಿಗ್ಗೆ ಹೇಳೋಣವೆಂದರೆ ನಾನು ನಾಲ್ಕೂಕಾಲಿಗೆ ಹೊರಡುವವನು, ಅಮ್ಮನಿಗೆ ಈ ಆಟದ ತಲೆಬುಡ ತಿಳಿಯದು. ಕೊನೆಗೆ ಏನು ಮಾಡಿದೆ ಗೊತ್ತೇ? ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ಕುರ್ಚಿಯ ಮೇಲಿನ ಜೆರ್ಸಿ ಎತ್ತಿಕೊಂಡು ಬಟ್ಟೆ ಒಗೆಯುವ ಯಂತ್ರದ ಹತ್ತಿರ ಹೋದೆ. ನೆನೆಸಿಬಿಟ್ಟರೆ ಬೆಳಿಗ್ಗೆ ಒದ್ದೆ ಇರುತ್ತದೆ, ನೀನು ಹಾಕಿಕೊಳ್ಳಲಾಗುವುದಿಲ್ಲ. ಯಂತ್ರದೊಳಗೆ ಹಾಕಿಯೂ ಆಯಿತು. ಆಮೇಲೆ ಅದರ ಸದ್ದು ನೆನಪಾಯಿತು. ರಾತ್ರಿ ಒಂಬತ್ತರ ಮೇಲೆ ಯಂತ್ರ ಹಾಕಬಾರದೆಂದು ಮನೆಯೊಡೆಯರ ಕರಾರು. ತೆಗೆದು ತಂದು, ಮೊದಲಿದ್ದ ಹಾಗೆಯೇ ಕುರ್ಚಿಗೆ ಹರವಿದೆ. ತೋಳು ಯಾವ ಕಡೆ ಇತ್ತು ಎಂದು ನೋಡಿ ನೋಡಿ ಹರವಿದೆ, ಕದ್ದವನು ಸಾಮಾನು ಹಿಂದಿಡುವ ಹಾಗೆ.

ಒಂದು ಚೀಟಿ ಬರೆದಿಡಬಹುದಿತ್ತು. ಎರಡು ಸಾಲು. "ಪುಟ್ಟಿ, ಸೋತೆವು. ಅಪ್ಪ ತಪ್ಪು ಹೇಳಿದೆ." ಪೆನ್ನು ಫ್ರಿಜ್ಜಿನ ಮೇಲೇ ಇತ್ತು. ಇಷ್ಟು ವರ್ಷ ಆ ಚೀಟಿಯನ್ನು ಎಷ್ಟು ಬಗೆಯಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ.

ಮಾರನೆಯ ದಿನ ಉಗ್ರಾಣದಲ್ಲಿ ಪೆಟ್ಟಿಗೆ ಎತ್ತುತ್ತಾ ಗಡಿಯಾರ ನೋಡುತ್ತಿದ್ದೆ. ಎಂಟೂ ನಲವತ್ತು, ಈಗ ಬಸ್ ಇಳಿದಿರುತ್ತಾಳೆ. ಒಂಬತ್ತು, ಈಗ ತರಗತಿಯಲ್ಲಿದ್ದಾಳೆ. ನನ್ನ ಲೆಕ್ಕದಲ್ಲಿ, ಸೋತ ತಂಡದ ಅಂಗಿ ಹಾಕಿಕೊಂಡು ಬಂದಳೆಂದು ಯಾರಾದರೂ ನಗುತ್ತಾರೆ, ಅಷ್ಟೇ. ಸಂಜೆ ಶಾಲೆ ಹೇಗಿತ್ತು ಎಂದು ಕೇಳಿದೆ. ಚೆನ್ನಾಗಿತ್ತು ಎಂದೆ. ಜೆರ್ಸಿ ಬ್ಯಾಗಿನ ತಳದಲ್ಲಿತ್ತು. ನಾನು ಮತ್ತೆ ಕೇಳಲಿಲ್ಲ, ನೀನು ಮತ್ತೆ ಹೇಳಲಿಲ್ಲ.

ಈ ಭಾನುವಾರ ಹೇಳಿದೆ. ಅವತ್ತು ಅರ್ಧ ತರಗತಿ ನೀಲಿ ಜೆರ್ಸಿಯಲ್ಲೇ ಬಂದಿತ್ತಂತೆ, ಯಾರೂ ನಗಲಿಲ್ಲವಂತೆ, ಎಲ್ಲರ ಮುಖವೂ ಸತ್ತಂತಿತ್ತಂತೆ. ನೀನೊಬ್ಬಳೇ ಒಳಗೆ ಹೋಗಿ "ನಾವು ಗೆದ್ದೆವು!" ಎಂದು ಕೂಗಿದೆಯಂತೆ. ಹನ್ನೆರಡು ವರ್ಷ ನಾನು ಬೇರೆಯೇ ಅವಮಾನವನ್ನು ಕಲ್ಪಿಸಿಕೊಂಡು ಕೊರಗಿದ್ದೆ. ನಿಜವಾದದ್ದು ಅದಕ್ಕಿಂತ ಕೆಟ್ಟದಾಗಿತ್ತು. ಊರಿಗೆ ಊರೇ ಒಟ್ಟಿಗೆ ಅತ್ತ ರಾತ್ರಿ ನಿನ್ನನ್ನು ನಾನು ಅದರಿಂದ ಹೊರಗಿಟ್ಟೆ. ತಪ್ಪಾಯಿತು, ಮಗಳೇ. ಇದನ್ನು ಮೆಟ್ಟಿಲ ಬಳಿಯೇ ಹೇಳಬೇಕಿತ್ತು. ಬದಲಿಗೆ ನಾನು ಹೇಳಿದ್ದೇನು ಎಂಬುದು ನಿನಗೆ ನೆನಪಿದೆ.

ನಮ್ಮ ಮನೆಯಲ್ಲಿ ಸೋಲನ್ನು ಹೇಳುವ ಕ್ರಮ ಇರಲಿಲ್ಲ ಎಂದೂ ಅಲ್ಲ. ನಿನ್ನ ತಾತ 1973ರ ವಿಶ್ವಕಪ್ ಹಾಕಿ ಫೈನಲ್ ಕಥೆಯನ್ನು ಅದೆಷ್ಟು ಸಲ ಹೇಳಿದ್ದರೋ. ಹಾಲೆಂಡಿನ ಆಮ್ಸ್ಟೆಲ್‌ವೀನ್, ನಾಯಕ ನಮ್ಮ ಎಂ.ಪಿ. ಗಣೇಶ್, ಭಾರತ 2-0 ಮುಂದೆ. ಹಾಲೆಂಡ್ ಸಮ ಮಾಡಿತು. ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೊಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಹೊಡೆಯಲು ನಿಂತವರು ನಮ್ಮ ಸೋಮವಾರಪೇಟೆಯ ಬಿ.ಪಿ. ಗೋವಿಂದ. ಅದು ಗೋಲಾಗಲಿಲ್ಲ, ಕೊನೆಗೆ ಕಪ್ ಹೋಯಿತು. ಎರಡು ವರ್ಷಕ್ಕೆ ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಆ ತಂಡದಲ್ಲಿ ಗೋವಿಂದರೂ ಇದ್ದರು. ತಾತ ಮಾತ್ರ ಗೆದ್ದ ಕಥೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಸೋತದ್ದನ್ನು ಕಾಫಿ ಆರುವವರೆಗೆ ಹೇಳುತ್ತಿದ್ದರು. ಒಮ್ಮೆಯೂ ಗೋವಿಂದರನ್ನು ಬೈದದ್ದು ಕೇಳಿಲ್ಲ. "ನಮ್ಮ ಹುಡುಗ ನಿಂತಿದ್ದ, ಹೊಡೆಯಲು ಧೈರ್ಯ ಬೇಕು" ಎನ್ನುತ್ತಿದ್ದರು. ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಅದೇ ಊರಿನಿಂದ ಬಂದದ್ದು ಸುಮ್ಮನೆ ಅಲ್ಲ ಎಂದು ನನಗೆ ಅನ್ನಿಸುತ್ತದೆ.

ಇದನ್ನೇಕೆ ಹೇಳಿದೆ ಎಂದರೆ, ಭಾನುವಾರ ನೀನು ನಮ್ಮ ಲೀಫ್ಸ್ ಆಟಗಾರ ಮಾರ್ನರ್‌ಗೆ ಅಂದ ಮಾತುಗಳು ನನಗೆ ಹಿಡಿಸಲಿಲ್ಲ. ಅವನು ಪಕ್ಕದ ಮಾರ್ಕಮ್‌ನಲ್ಲಿ ಹುಟ್ಟಿದವನು. ಈ ವರ್ಷ ಗೋಲು, ಗೋಲಿಗೆ ಕೊಟ್ಟ ಪಾಸು ಸೇರಿ 102 ಅಂಕ ಗಳಿಸಿದ್ದಾನೆ. ಪ್ಲೇಆಫ್‌ನಲ್ಲಿ ಕೈ ಕಟ್ಟಿತು, ಒಪ್ಪುತ್ತೇನೆ. ಆದರೆ ಇಪ್ಪತ್ತೆಂಟರ ಹುಡುಗನ ಮೇಲೆ ಹತ್ತೊಂಬತ್ತು ಸಾವಿರ ಜನ ಒಟ್ಟಿಗೆ ಕೂಗುವುದು, ಅಂಗಿ ಕಳಚಿ ಮಂಜಿನ ಮೇಲೆ ಎಸೆಯುವುದು, ಬಿಯರ್ ಚೆಲ್ಲುವುದು! ಅವನಿಗೂ ಒಬ್ಬ ಅಪ್ಪ ಇದ್ದಾನೆ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡ ಮಾತ್ರಕ್ಕೆ ಮನುಷ್ಯನೇ ನಮ್ಮ ಸೊತ್ತಾಗುವುದಿಲ್ಲ. ನಾಳೆ ನಿನ್ನ ಕಚೇರಿಯಲ್ಲೂ ಯಾರೋ ಒಬ್ಬರು ತಪ್ಪು ಮಾಡುತ್ತಾರೆ, ಎಲ್ಲರೂ ಅವರ ಮೇಲೆ ಬೀಳುತ್ತಾರೆ, ಆಗ ನೀನು... ಇಗೋ, ಶುರುವಾಯಿತು. ಭಾಷಣ ಮಾಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಕುಳಿತವನು ನಾನು.

ನಿನ್ನ ಸಿಟ್ಟೂ ಸುಳ್ಳಲ್ಲ. ಫ್ಲೋರಿಡಾ ಎದುರು ಮೊದಲೆರಡು ಪಂದ್ಯ ಗೆದ್ದು, ಆಮೇಲೆ ಮೂರು ಸತತ ಸೋತು, ಅವರ ಊರಿನಲ್ಲೇ ಆರನೆಯದನ್ನು 2-0 ಗೆದ್ದು ಆಸೆ ಹುಟ್ಟಿಸಿ, ಏಳನೆಯದನ್ನು ಮನೆಯಂಗಳದಲ್ಲಿ 6-1ರಿಂದ ಸೋತರು. ಆಸೆ ಹುಟ್ಟಿಸದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವರು 3-0 ಮುಂದಿದ್ದಾಗ ನಮ್ಮ ಡೋಮಿ ಒಂದು ಹೊಡೆದ, ನೀನು ಎದ್ದು ನಿಂತೆ, ಕೂರುವುದರೊಳಗೆ ನಾಲ್ಕನೆಯದು ಆಗಿತ್ತು. 2013, 2018, 2019, 2021, 2022, 2024, ಈಗ ಇದು: ಏಳು ಏಳನೇ ಪಂದ್ಯಗಳು, ಏಳೂ ಸೋಲು. ಅದರಲ್ಲಿ ಐದರಲ್ಲಿ ಎದುರಿಗೆ ಅದೇ ಆಟಗಾರ, ಮಾರ್ಷಂಡ್. ನಾಲ್ಕು ಸಲ ಬಾಸ್ಟನ್ ಅಂಗಿ, ಈ ಸಲ ಫ್ಲೋರಿಡಾದ್ದು. ಶನಿ ಮನೆ ಬದಲಾಯಿಸಿದರೂ ದೃಷ್ಟಿ ನಮ್ಮ ಮೇಲೆಯೇ.

ಬುಧವಾರ ಕೆಲಸಕ್ಕೆ ಹೋದಾಗ ಉಗ್ರಾಣದಲ್ಲಿ ಮಾತೇ ಇರಲಿಲ್ಲ. ಪ್ಲೇಆಫ್ ಶುರುವಾದಾಗಿನಿಂದ ನೀಲಿ ಪಗಡಿ ಕಟ್ಟಿಕೊಂಡು ಬರುತ್ತಿದ್ದ ನನ್ನ ಪಂಜಾಬಿ ಗೆಳೆಯ ಕೆಂಪು ಕಟ್ಟಿಕೊಂಡು ಬಂದಿದ್ದ. ನಮ್ಮಲ್ಲಿ ಒಬ್ಬ ಮುದುಕನಿದ್ದಾನಲ್ಲ, 1967ರಲ್ಲಿ ಏಳು ವರ್ಷದವನಿದ್ದಾಗ ಲೀಫ್ಸ್ ಕೊನೆಯ ಸಲ ಗೆದ್ದ ಸ್ಟಾನ್ಲಿ ಕಪ್ (ಈ ಲೀಗಿನ ಕಪ್) ಮೆರವಣಿಗೆ ನೋಡಿದವನು, ಅವನು ಮಾತ್ರ ಎಂದಿನಂತೆ "ಮುಂದಿನ ವರ್ಷ" ಎಂದ. ಐವತ್ತೆಂಟು ವರ್ಷದಿಂದ ಅನ್ನುತ್ತಿದ್ದಾನೆ. ಬರುವ ತಿಂಗಳು ನಿವೃತ್ತನಾಗುತ್ತಾನೆ. ಗುರುವಾರ ಶಾನಹಾನ್ ಅವರನ್ನು ಲೀಫ್ಸ್ ಅಧ್ಯಕ್ಷ ಹುದ್ದೆಯಲ್ಲಿ ಮುಂದುವರಿಸುವುದಿಲ್ಲ ಎಂಬ ಸುದ್ದಿ ಬಂದಾಗ ನಿನಗೆ ಫೋನ್ ಮಾಡಲು ಕೈ ಹೋಯಿತು. ಮಾಡಲಿಲ್ಲ. ನೀನೂ ಮಾಡಲಿಲ್ಲ. ಹನ್ನೆರಡು ವರ್ಷದಲ್ಲಿ ಲೀಫ್ಸ್ ಸುದ್ದಿಯನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬಿಟ್ಟದ್ದು ಅದೇ ಮೊದಲು.

"ಇದಕ್ಕೇ ಅಳುವವಳು ಅಲ್ಲಿ ಒಬ್ಬಳೇ ಹೇಗಿರುತ್ತೀಯ" ಎಂದೆನಲ್ಲ, ಅದು ಆಟದ ಮಾತಾಗಿರಲಿಲ್ಲ. ವಾರದಿಂದ ಗಂಟಲಲ್ಲಿದ್ದದ್ದು ತಪ್ಪು ಬಾಗಿಲಿನಿಂದ ಹೊರಗೆ ಬಂತು. ನಿನಗೆ ಎಡ್ಮಂಟನ್‌ನಲ್ಲಿ ಆ ಕೆಲಸ ಸಿಕ್ಕಿದೆ ಎಂದು ಕೆಲಸದ ಕಡೆ ಎಲ್ಲರಿಗೂ ಹೇಳಿದ್ದೇನೆ, ಸಂಬಳವನ್ನೂ ಹೇಳಿಬಿಟ್ಟಿದ್ದೇನೆ, ಬೈಯಬೇಡ. ನಾನು ಹತ್ತು ವರ್ಷ ಪೆಟ್ಟಿಗೆ ಎತ್ತಿ ತಲುಪಿದಲ್ಲಿಗೆ ನೀನು ಮೊದಲ ದಿನವೇ ತಲುಪಿದೆ. ಆದರೆ ಎಡ್ಮಂಟನ್ ಎಂದರೆ ಎಡ್ಮಂಟನ್. ಚಳಿಗಾಲದಲ್ಲಿ ಕಾರಿಗೆ ರಾತ್ರಿಯೆಲ್ಲ ವಿದ್ಯುತ್ ಕೊಟ್ಟು ಬೆಚ್ಚಗಿಡಬೇಕಂತೆ, ಅದಕ್ಕೆ ಬೇಕಾದ ತಂತಿ ಅಕ್ಟೋಬರಿನಲ್ಲೇ ತೆಗೆದಿಡು. ಮನೆ ನೋಡುವಾಗ ನೆಲಮಾಳಿಗೆ ಮಾತ್ರ ಬೇಡ, ನೂರು ಡಾಲರ್ ಹೆಚ್ಚಾದರೂ ಪರವಾಗಿಲ್ಲ, ನಾನು ಕಳುಹಿಸುತ್ತೇನೆ. ಅಲ್ಲಿಯ ತಂಡ ಇನ್ನೂ ಆಡುತ್ತಿದೆ. ಸುತ್ತಲೂ ಎಲ್ಲರೂ ಕಿತ್ತಳೆ ಬಣ್ಣ ಹಾಕಿಕೊಂಡಿರುತ್ತಾರೆ. ನೀನು ಆಯ್ಲರ್ಸ್ ಕಡೆಗೆ ಹೋದರೂ ನಾನೇನೂ ಅನ್ನುವುದಿಲ್ಲ. ಕದ್ರಿ ಇಲ್ಲಿಂದ ಹೋಗಿ 2022ರಲ್ಲಿ ಕೊಲರಾಡೊ ಜೊತೆ ಕಪ್ ಎತ್ತಿದಾಗ ನಾವಿಬ್ಬರೂ ಚಪ್ಪಾಳೆ ಹೊಡೆದಿದ್ದೆವಲ್ಲ. ಸ್ವಲ್ಪ ಬೇಜಾರಾಗುತ್ತದೆ, ಅಷ್ಟೇ.

ಭಾನುವಾರ ರಾತ್ರಿ ನೀನು ಕಸದ ಡಬ್ಬಿಗೆ ಹಾಕಿದ, ಮಾರ್ನರ್‌ನ 16ನೇ ನಂಬರಿನ ಜೆರ್ಸಿಯನ್ನು ನಾನು ತೆಗೆದಿದ್ದೇನೆ. ಮೇಲೆ ಕಾಫಿ ಗಸಿ, ಈರುಳ್ಳಿ ಸಿಪ್ಪೆ. ಈಗ ನಮ್ಮದೇ ಮನೆ, ನಮ್ಮದೇ ಯಂತ್ರ, ರಾತ್ರಿ ಹನ್ನೊಂದಕ್ಕೆ ಹಾಕಿದರೂ ಕೇಳುವವರಿಲ್ಲ. ಒಗೆದದ್ದಾಯಿತು. ಕಾಫಿ ಕಲೆ ಕುತ್ತಿಗೆಯ ಹತ್ತಿರ ಸ್ವಲ್ಪ ಉಳಿದಿದೆ. ಅದು ನಿನ್ನದು, ಎಸೆಯುವುದಾದರೆ ಅಲ್ಲಿಂದಲೇ ಎಸೆ, ಈ ಸಲ ನಾನು ನಿನಗಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಅಮ್ಮ ಕೊಟ್ಟ ಚಟ್ನಿಪುಡಿ, ನೀನು ಮರೆತು ಹೋದ ಚಾರ್ಜರ್ ಜೊತೆ ಅದೇ ಪೆಟ್ಟಿಗೆಯಲ್ಲಿ ಸೋಮವಾರ ಅಂಚೆಗೆ ಹಾಕುತ್ತೇನೆ. ಚಟ್ನಿಪುಡಿಯ ಡಬ್ಬಿಗೆ ಎರಡು ಕವರ್ ಸುತ್ತಿದ್ದೇನೆ, ಆದರೂ ತೆರೆಯುವಾಗ ನೋಡಿಕೊಂಡು ತೆರೆ. ತಲುಪಿದ ಕೂಡಲೇ ಒಂದು ಸಂದೇಶ ಹಾಕು.

ಇಂತಿ,
ಅಪ್ಪ