ಗುಂಪಿನಲ್ಲಿ ಕೂರಿಸುವ ಮೊದಲು

ಮಾನ್ಯರೇ,

ಭೂಕುಸಿತ, ಪ್ರವಾಹ ಆದ ಕಡೆ ಮೂವತ್ತು–ನಲವತ್ತು ಸಂತ್ರಸ್ತರನ್ನು ಒಟ್ಟಿಗೆ ಕೂರಿಸಿ ‘ಏನಾಯಿತು, ಮನಸ್ಸು ಬಿಚ್ಚಿ ಹೇಳಿ’ ಎನ್ನುವುದು ಆಪ್ತಸಮಾಲೋಚನೆಯಲ್ಲ. ದಯವಿಟ್ಟು ಇದು ನಿಲ್ಲಲಿ. ಘಟನೆಯ ಬೆನ್ನಿಗೇ ಹೀಗೆ ವಿವರ ಹೇಳಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಆಗ ಬೇಕಾದದ್ದು ಊಟ, ನಿದ್ದೆ, ಮನೆಯವರ ಸುದ್ದಿ.

ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ದಾರಿಯನ್ನೇ ತಪ್ಪಿಸಿ ಓಡಾಡುವುದು ನಿಲ್ಲದಿದ್ದರೆ ಚಿಕಿತ್ಸೆ ಬೇಕು, ವೈಯಕ್ತಿಕವಾಗಿಯೂ ಸಣ್ಣ ಗುಂಪಿನಲ್ಲೂ. ಹಿಡಿದ ಕೈ ಜಾರಿಹೋದ ಆ ಗಳಿಗೆಯನ್ನು ಬಿಡಿಸಿ ನೋಡುವುದು ಚಿಕಿತ್ಸಕರೊಬ್ಬರ ಎದುರು ಮಾತ್ರ. ‘ನಾನೊಬ್ಬ ಉಳಿದೆನಲ್ಲ’ ಎಂಬ ಕೊರಗು ಹಗುರಾಗುವುದು ಗುಂಪಿನಲ್ಲಿ. ‘ತಪ್ಪು ನಿಮ್ಮದಲ್ಲ’ ಎಂದು ನಾವು ಹತ್ತು ಸಲ ಹೇಳಿದರೂ ಒಳಗಿಳಿಯದ ಮಾತು, ಅದೇ ಗುಡ್ಡದ ಕೆಳಗಿಂದ ಓಡಿಬಂದವರ ಬಾಯಿಂದ ಬಂದಾಗ ಇಳಿಯುತ್ತದೆ.

ಮೊದಲು ಮೂರು–ನಾಲ್ಕು ವೈಯಕ್ತಿಕ ಭೇಟಿ. ಆ ನೆನಪು ನುಗ್ಗಿದಾಗ ಅಂಗಾಲು ನೆಲಕ್ಕೂರಿ, ಕಣ್ಣೆದುರಿನ ಐದು ವಸ್ತುಗಳನ್ನು ಹೆಸರಿಸಿ ಈ ಹೊತ್ತಿಗೆ ಮರಳಲು ಕಲಿತ ಮೇಲೆ ಗುಂಪು. ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರನ್ನು ಆಗಲೇ ಸೇರಿಸಬಾರದು. ಆರರಿಂದ ಎಂಟು ಮಂದಿ, ವಾರಕ್ಕೊಮ್ಮೆ ಒಂದೂವರೆ ಗಂಟೆ, 12 ವಾರ. ಎರಡನೇ ವಾರದ ನಂತರ ಹೊಸಬರು ಬೇಡ. ನಡೆಸಲು ಇಬ್ಬರು ಬೇಕು, ಯಾರಾದರೂ ಎದ್ದು ಹೊರಗೆ ಹೋದರೆ ಜೊತೆಗೆ ಹೋಗಲು. ಗುಂಪು ಕೂತ ಎರಡು–ಮೂರು ದಿನದೊಳಗೆ ವೈಯಕ್ತಿಕ ಭೇಟಿ ಇರಬೇಕು.

ಎಡವುವುದೂ ಇಲ್ಲೇ. ಒಬ್ಬರು ಹೆಣಗಳ ವಿವರಕ್ಕೆ ಇಳಿದರೆ ಇನ್ನೊಬ್ಬರು ಮತ್ತೆ ಅಲ್ಲಿಗೇ ಹೋಗಿಬಿಡುತ್ತಾರೆ. ಅಳುವವರಿಗಿಂತ, ಶೀಟಿನ ಮೇಲೆ ಮಳೆ ಬಿದ್ದ ಸದ್ದಿಗೆ ನೋಟ ನೆಟ್ಟು, ಕೈ ತಣ್ಣಗಾಗಿ, ಕರೆದರೂ ಓಗೊಡದೆ ಕೂತವರ ಮೇಲೆ ಹೆಚ್ಚು ಗಮನವಿರಲಿ. ಪರಿಹಾರದ ಹಣಕ್ಕೆ ಜಗಳವಾಡಿದ ನೆರೆಮನೆಯವರನ್ನು ಒಂದೇ ಗುಂಪಿಗೆ ಹಾಕಿದರೆ ಯಾರೂ ಬಾಯಿ ಬಿಡುವುದಿಲ್ಲ. ಗುಂಪು ನಡೆಸುವವರೂ ವೈಯಕ್ತಿಕ ಚಿಕಿತ್ಸಕರೂ ವಾರಕ್ಕೊಮ್ಮೆ ಮಾತಾಡಿಕೊಳ್ಳಲೇಬೇಕು. ಅದಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ಇಲ್ಲವಾದರೆ ಸಾಯುವ ಮಾತು ಒಂದು ಕೋಣೆಯಲ್ಲಿ ಕೇಳಿಸುತ್ತದೆ, ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ.

ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡ ಕುಸಿದದ್ದು 2018ರ ಆಗಸ್ಟ್‌ನಲ್ಲಿ. ಮಳೆಗಾಲ ಪ್ರತಿವರ್ಷ ಬರುತ್ತದೆ, ಅದರೊಡನೆ ಆ ನೆನಪೂ. ಗುಂಪನ್ನು ಫೆಬ್ರುವರಿಯಲ್ಲೇ ಶುರುಮಾಡಿದರೆ ಜೂನ್ ಹೊತ್ತಿಗೆ ಕಲಿತದ್ದು ಕೈಗೆ ಬಂದಿರುತ್ತದೆ. ಅರೆಭಾಷೆ, ಕೊಡವ ತಕ್ಕ್, ಯಾವುದು ಮನೆಮಾತೋ ಅದರಲ್ಲೇ ಮಾತು ನಡೆಯಲಿ. ಗುಂಪು ಮುಗಿದ ರಾತ್ರಿ ನಿದ್ದೆ ಬಾರದೆ ಒದ್ದಾಡುವವರುಂಟು. ಹಗಲು–ರಾತ್ರಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 14416 ಸಂಖ್ಯೆಯನ್ನು ಮೊದಲ ದಿನವೇ ಚೀಟಿಯಲ್ಲಿ ಬರೆದು ಕೈಗೆ ಕೊಡಿ.

–ಆಪ್ತಸಮಾಲೋಚಕರು, ಮಡಿಕೇರಿ