ಹೈಕೋರ್ಟ್ ಲಾ ಕ್ಲರ್ಕ್ ಕೆಲಸಕ್ಕೆ ಹೋಗಬೇಕಾ ಎಂದು ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಫೈಲು ಓದಿ, ಕಾನೂನು ಹುಡುಕಿ ನೆರವಾಗುವ ಲಾ ಕ್ಲರ್ಕ್ ಆಗಿ ಹೋಗಲೋ, ಶಿರಸಿಯಲ್ಲೇ ವಕೀಲಿ ಪ್ರಾಕ್ಟೀಸ್ ಮುಂದುವರಿಸಲೋ ಎಂದು ನಿನ್ನೆ ಇಬ್ಬರು ಕೇಳಿದ್ದರು.

ಲಾ ಕ್ಲರ್ಕ್‌ನದು ಪೂರ್ತಿ ಸಮಯದ ಕೆಲಸ. ಅದರಲ್ಲಿ ಇರುವಷ್ಟು ದಿನ ವಕಾಲತ್ತು ಹಾಕುವಂತಿಲ್ಲ, ಅಂದರೆ ಯಾರ ಪರವಾಗಿಯೂ ಕೇಸು ನಡೆಸುವಂತಿಲ್ಲ. ಕೈಯಲ್ಲಿರುವ ಕೇಸುಗಳನ್ನು ಯಾರಿಗೆ ಒಪ್ಪಿಸುತ್ತೀರಿ? ತೋಟದ ಹಾದಿ ತಕರಾರಿಗೆ ನಿಮ್ಮನ್ನೇ ನಂಬಿ, ಕಾಗದಪತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುವ ಅಜ್ಜನಿಗೆ ಸುಮ್ನೆ ಫೋನ್ ಮಾಡಿ ಹೇಳಿದರೆ ಸಾಲದು. ಎದುರು ಕೂತು ಹೇಳಿ.

ಆದರೂ ಹೋಗಿ ಅಂತಲೇ ನನ್ನ ಮಾತು. ನಮ್ಮ ಜಿಲ್ಲೆಯ ಎರಡನೇ ಮೇಲ್ಮನವಿಗಳು, ಅಂದರೆ ಮೊದಲ ಮೇಲ್ಮನವಿಯ ತೀರ್ಪಿನ ಮೇಲೆ ಹಾಕುವ ಸಿವಿಲ್ ಮೇಲ್ಮನವಿಗಳು, ಹೋಗುವುದು ಹೈಕೋರ್ಟಿನ ಧಾರವಾಡ ಪೀಠಕ್ಕೆ, 2013ರಿಂದ ಅದು ಕಾಯಂ ಪೀಠ. ಅಲ್ಲಿ ಮಹತ್ವದ ಕಾನೂನಿನ ಪ್ರಶ್ನೆ ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯ ಪಾಟೀಸವಾಲಿನಲ್ಲಿ ನಾವು ಕೇಳದೇ ಬಿಟ್ಟ ಒಂದೇ ಒಂದು ಪ್ರಶ್ನೆ ಹೈಕೋರ್ಟಿನಲ್ಲಿ ಎಷ್ಟು ದುಬಾರಿ ಆಗುತ್ತದೆ ಅನ್ನುವುದು ಫೈಲು ಓದುತ್ತಾ ಕೂತವರಿಗೇ ಗೊತ್ತಾಗುವುದು.

ಸಿವಿಲ್ ಜಡ್ಜ್ ಆಗಲು 3 ವರ್ಷದ ಪ್ರಾಕ್ಟೀಸ್ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಲ್ವಾ? ಲಾ ಕ್ಲರ್ಕ್ ಅನುಭವವೂ ಆ ಲೆಕ್ಕಕ್ಕೆ ಸೇರುತ್ತದೆ.

ಲಾ ಕ್ಲರ್ಕ್ ಕೆಲಸಕ್ಕೆ ವಯಸ್ಸಿನ ಮಿತಿ ಇದೆ, ಮುಂದಿನ ವರ್ಷ ನೋಡೋಣ ಅನ್ನಬೇಡಿ. ಅರ್ಜಿ ಬರೆದಿದ್ದರೆ ಶನಿವಾರ ಸಂಜೆ ತನ್ನಿ, ಕೂತು ತಿದ್ದೋಣ.